‘ಡಾಕ್ಟರ್’ ಎಂದು ಫ್ಲೆಕ್ಸ್ ಕಟ್ಟುವ ಮೊದಲು ತಳಕಿನ ರೋಗಿಯನ್ನು ನೆನೆಯೋಣ

‘ಮಗ ಎಂತ ಓದ್ತಾ ಇದ್ದಾನೆ?’ ಎಂದು ಕೇಳಿದರೆ ‘ಮೆಡಿಕಲ್, ಫಾರಿನ್‌ನಲ್ಲಿ’ ಎನ್ನುವ ಉತ್ತರ ನಮ್ಮ ಮನೆಗಳಲ್ಲಿ ಈಗ ಹೊಸತಲ್ಲ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ್, ಕಝಕಿಸ್ತಾನ್, ಫಿಲಿಪ್ಪೀನ್ಸ್, ಬಾಂಗ್ಲಾದೇಶ ಎಂಬ ಹೆಸರುಗಳು ಉಮ್ಮಂದಿರ ಬಾಯಲ್ಲೂ ಸಲೀಸಾಗಿ ಬರುತ್ತವೆ. ಮಗನಷ್ಟೇ ಅಲ್ಲ, ಮಗಳನ್ನೂ ಧೈರ್ಯ ಮಾಡಿ ಕಳಿಸುವವರಿದ್ದಾರೆ. ದೇರಳಕಟ್ಟೆಯ ಆಸುಪಾಸಿನಲ್ಲೇ ಮೂರು ಮೆಡಿಕಲ್ ಕಾಲೇಜುಗಳಿದ್ದರೂ ಸರಕಾರಿ ಸೀಟಿಗೆ ರ್‍ಯಾಂಕ್ ಸಾಲದು, ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಸಾಲದು ಎನ್ನುವ ಮಕ್ಕಳು ವಿಮಾನ ಹತ್ತುತ್ತಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದಾಗ, ಇಷ್ಟೊಂದು ಮಕ್ಕಳು ಅಷ್ಟು ದೂರ ಹೋಗಿ ಓದುತ್ತಿದ್ದಾರಾ ಎಂದು ಇಡೀ ರಾಜ್ಯ ಕೇಳಿತು. ಯುದ್ಧದ ಸುದ್ದಿ ತಣ್ಣಗಾಯಿತು. ಮಕ್ಕಳು ಹೋಗುವುದು ನಿಂತಿಲ್ಲ.

ಹೋಗುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ನಾವು ಹೇಳಹೊರಟಿರುವುದು ಮರಳಿ ಬಂದ ಮೇಲಿನ ಕಥೆ.

ವಿದೇಶದಲ್ಲಿ ಎಂಬಿಬಿಎಸ್‌ಗೆ ಸಮನಾದ ಪದವಿ ಮುಗಿಸಿ ಬಂದವರು ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಎಫ್‌ಎಂಜಿಇ ಎಂಬ ಪರೀಕ್ಷೆ ಪಾಸ್ ಮಾಡಬೇಕು. 2002ರಿಂದ ಇರುವ ಈ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ನಡೆಸುತ್ತಾರೆ. ಫಲಿತಾಂಶದ ಅಂಕಿಗಳನ್ನು ಒಮ್ಮೆ ನೋಡಿ. 2025ರ ಜೂನ್ ಸಾಲಿನಲ್ಲಿ ಪರೀಕ್ಷೆ ಬರೆದವರು ಸುಮಾರು 36 ಸಾವಿರ, ಪಾಸಾದವರು 6,707. ಅಂದರೆ ನೂರಕ್ಕೆ 19ಕ್ಕಿಂತಲೂ ಕಡಿಮೆ. ಅದಕ್ಕಿಂತ ಹಿಂದಿನ ಡಿಸೆಂಬರ್ ಸಾಲಿನಲ್ಲಿ ಸ್ವಲ್ಪ ಮೇಲು, ನೂರಕ್ಕೆ 29ರ ಹತ್ತಿರ. ಒಟ್ಟಿನಲ್ಲಿ ಬರೆದವರಲ್ಲಿ ಹೆಚ್ಚಿನವರು ಖಾಲಿ ಕೈಯಲ್ಲಿ ಮನೆಗೆ ಬರುತ್ತಾರೆ. ಗಲ್ಫ್‌ನಲ್ಲಿ ದುಡಿದ ಹಣ, ಒತ್ತೆ ಇಟ್ಟ ಚಿನ್ನ, ಮಾರಿದ ಜಾಗ ಎಲ್ಲ ಸುರಿದು ಆರು ವರ್ಷ ಓದಿಸಿದ ಮೇಲೆ ಬರುವ ಫಲಿತಾಂಶ ಇದು.

ಇಲ್ಲಿಗೆ ನಿಂತರೆ ಇದು ಬರೀ ದುಃಖದ ವಿಷಯ. ಆದರೆ ನಮ್ಮಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮಗ ಊರಿಗೆ ಬಂದ ವಾರದಲ್ಲೇ ಜಂಕ್ಷನ್‌ನಲ್ಲಿ ‘ಡಾ.’ ಎಂದು ಫ್ಲೆಕ್ಸ್ ಕಟ್ಟಿಯಾಗಿರುತ್ತದೆ. ಮದುವೆಯ ಮಾತುಕತೆಯೂ ಶುರುವಾಗಿರುತ್ತದೆ. ಪರೀಕ್ಷೆ ಫೇಲಾದರೆ ಯಾರಿಗೂ ಹೇಳುವ ಹಾಗಿಲ್ಲ. ಮುಖ ಉಳಿಸಿಕೊಳ್ಳಲು ಎಲ್ಲೋ ದೂರದ ಕ್ಲಿನಿಕ್‌ನಲ್ಲಿ, ನರ್ಸಿಂಗ್ ಹೋಮ್‌ನ ರಾತ್ರಿ ಡ್ಯೂಟಿಯಲ್ಲಿ ‘ಸ್ವಲ್ಪ ದಿನ’ ಕುಳಿತುಕೊಳ್ಳುವ ಆಸೆ ಹುಟ್ಟುತ್ತದೆ. ಇದು ಅಪರಾಧ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ವೈದ್ಯ ವೃತ್ತಿ ಮಾಡಿದರೆ ಒಂದು ವರ್ಷದ ತನಕ ಜೈಲು, ಅಥವಾ 5 ಲಕ್ಷ ರೂಪಾಯಿಯ ತನಕ ದಂಡ, ಅಥವಾ ಎರಡೂ. 2022ರ ಡಿಸೆಂಬರ್‌ನಲ್ಲಿ ಈ ಪರೀಕ್ಷೆ ಪಾಸಾಗದೆಯೇ ನೋಂದಣಿ ಪಡೆದಿದ್ದಾರೆ ಎಂದು 73 ವಿದೇಶಿ ಪದವೀಧರರ ಮೇಲೆ ಸಿಬಿಐ ಕೇಸು ಹಾಕಿತು. ಹದಿನಾಲ್ಕು ರಾಜ್ಯಗಳ ವೈದ್ಯಕೀಯ ಮಂಡಳಿಗಳ ಹೆಸರೂ ಅದರಲ್ಲಿತ್ತು. ಆರು ವರ್ಷದ ಓದು ಕೋರ್ಟಿನ ಮೆಟ್ಟಿಲು ಹತ್ತುವುದೆಂದರೆ ಮನೆಯವರ ಪಾಡು ಏನಾಗಬೇಕು ಹೇಳಿ.

ಕಾನೂನನ್ನು ಒಂದು ಬದಿಗಿಡೋಣ. ಈ ಪರೀಕ್ಷೆ ಯಾರಿಗಾಗಿ ಇದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಅದಕ್ಕೆ ಹೇಗೆ ಓದಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. ಅದಕ್ಕಾಗಿ ನಮ್ಮ ಕರಾವಳಿಯಿಂದ ದೂರದ ಒಂದು ಊರನ್ನು ತೆಗೆದುಕೊಳ್ಳೋಣ. ವ್ಯಾಪಾರಕ್ಕೆಂದು ಮಂಗಳೂರಿನಿಂದ ಬಳ್ಳಾರಿಗೆ ಚಿತ್ರದುರ್ಗದ ದಾರಿಯಾಗಿ ಹೋಗುವವರಿಗೆ ಚಳ್ಳಕೆರೆ ದಾಟಿದ ಮೇಲೆ ತಳಕು ಸಿಗುತ್ತದೆ. ಕನ್ನಡ ಓದಿದವರಿಗೆ ಇದು ಕುವೆಂಪು ಅವರ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರು, ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಊರು. ತಾಲೂಕು ಚಳ್ಳಕೆರೆ, ವಿಧಾನಸಭಾ ಕ್ಷೇತ್ರ ಮೊಳಕಾಲ್ಮುರು. ಮಳೆ ಕಡಿಮೆ, ಶೇಂಗಾ ಹೊಲಗಳು, ಕುರಿ, ಬೋರ್‌ವೆಲ್ ನೀರು. ನಮ್ಮಲ್ಲಿ ಹಾಗೆ ರಿಕ್ಷಾ ಹತ್ತಿದರೆ ಕಾಲು ಗಂಟೆಯಲ್ಲಿ ದೊಡ್ಡ ಆಸ್ಪತ್ರೆ ಸಿಗುವ ಜಾಗ ಅಲ್ಲ. ದೊಡ್ಡ ಕಾಯಿಲೆ ಬಂದರೆ ಚಳ್ಳಕೆರೆಗೆ ಓಡಬೇಕು, ಅಲ್ಲಿಂದ ಚಿತ್ರದುರ್ಗಕ್ಕೋ ಬಳ್ಳಾರಿಗೋ ಓಡಬೇಕು. ಅಂಥ ಊರಲ್ಲಿ ಎದುರಿಗೆ ಕೂತ ಒಬ್ಬ ಡಾಕ್ಟರೇ ರೋಗಿಗೆ ಎಲ್ಲವೂ. ಪಕ್ಕದ ಕೋಣೆಯಲ್ಲಿ ಸ್ಪೆಷಲಿಸ್ಟ್ ಇರುವುದಿಲ್ಲ.

ಅಲ್ಲಿಗೆ ಯಾವ ರೋಗಿ ಬರುತ್ತಾನೆ? ಶೇಂಗಾ ಹೊಲದಲ್ಲಿ ಕಾಲಿಗೆ ಹಾವು ಕಚ್ಚಿಸಿಕೊಂಡ ರೈತ ಬರುತ್ತಾನೆ. ನಾಗರವೋ ಕೊಳಕುಮಂಡಲವೋ ಅವನಿಗೆ ಗೊತ್ತಿರುವುದಿಲ್ಲ. ಗಾಜಿನ ಟ್ಯೂಬಿನಲ್ಲಿ ರಕ್ತ ತೆಗೆದಿಟ್ಟು 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ನೋಡಬೇಕು, ವಿಷನಿರೋಧಕ ಯಾವಾಗ ಶುರು ಮಾಡಬೇಕು ಎಂದು ತೀರ್ಮಾನಿಸಬೇಕು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದೂ ಡಾಕ್ಟರಿಗೆ ಗೊತ್ತಿರಬೇಕು. ಎಂಟು ತಿಂಗಳ ಗರ್ಭಿಣಿ ತಲೆನೋವು, ಕಣ್ಣು ಮಂಜು ಎಂದು ಬರುತ್ತಾಳೆ, ಬಿಪಿ ಏರಿರುತ್ತದೆ. ಅವಳನ್ನು ಹಾಗೇ ಆಂಬುಲೆನ್ಸ್ ಹತ್ತಿಸಿದರೆ ದಾರಿಯಲ್ಲೇ ಫಿಟ್ಸ್ ಬರಬಹುದು. ಮೊದಲ ಡೋಸ್ ಮ್ಯಾಗ್ನೀಷಿಯಂ ಸಲ್ಫೇಟ್ ಕೊಟ್ಟು ಕಳಿಸಬೇಕೆಂದು ಗೊತ್ತಿರಬೇಕು. ವಾಂತಿ ಭೇದಿಯಾಗಿ ಕಣ್ಣು ಗುಳಿ ಬಿದ್ದ ಮಗುವಿಗೆ ತೂಕ ನೋಡಿ ಓಆರ್‌ಎಸ್ ಲೆಕ್ಕ ಹಾಕಬೇಕು. ಹಲ್ಲು ಕಂದಾಗಿ ಮೂಳೆ ನೋವು ಎನ್ನುವವರನ್ನು ಕಂಡರೆ ನೀರಿನ ಫ್ಲೋರೈಡ್ ನೆನಪಾಗಬೇಕು. ಚಳ್ಳಕೆರೆ, ಮೊಳಕಾಲ್ಮುರು ಕಡೆ ಅದು ಹಳೆಯ ತೊಂದರೆ.

ಈಗ ಪರೀಕ್ಷೆಯ ಅಂಕಗಳ ಹಂಚಿಕೆ ನೋಡಿ. ಒಟ್ಟು 300 ಪ್ರಶ್ನೆ, ಒಂದಕ್ಕೆ ಒಂದು ಅಂಕ, ಪಾಸಾಗಲು 150 ಬೇಕು. ಮೆಡಿಸಿನ್ 33, ಸರ್ಜರಿ 32, ಹೆರಿಗೆ ಮತ್ತು ಸ್ತ್ರೀರೋಗ 30, ಕಮ್ಯುನಿಟಿ ಮೆಡಿಸಿನ್ 30. ಈ ನಾಲ್ಕೇ ಸೇರಿ 125. ಮಕ್ಕಳ ರೋಗ, ಕಣ್ಣು, ಇಎನ್‌ಟಿ ತಲಾ 15. ಉಳಿದ ಸಣ್ಣ ವಿಭಾಗಗಳೂ ಸೇರಿ ಕ್ಲಿನಿಕಲ್ ಭಾಗಕ್ಕೆ 200. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17, ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13, ಫಾರೆನ್ಸಿಕ್ 10. ಅಲ್ಲಿಗೆ 100. ಈ ಪಟ್ಟಿಯನ್ನು ತಳಕಿನ ಆ ನಾಲ್ಕು ರೋಗಿಗಳ ಪಕ್ಕದಲ್ಲಿಟ್ಟರೆ ಪರೀಕ್ಷೆ ಕೇಳುವುದೂ ಅವರು ಕೇಳುವುದೂ ಬಹುತೇಕ ಒಂದೇ ಎಂದು ಕಾಣುತ್ತದೆ.

ನಮ್ಮ ಮಕ್ಕಳು ಎಡವುವುದೂ ಇಲ್ಲಿಯೇ. ಹಿಮ ಬೀಳುವ ದೇಶದ ಆಸ್ಪತ್ರೆಯಲ್ಲಿ ಹಾವು ಕಡಿತದ ರೋಗಿ ಎಲ್ಲಿಂದ ಬರಬೇಕು? ಮಲೇರಿಯಾ, ಡೆಂಗಿ ಎಷ್ಟು ಕಾಣಲು ಸಿಗುತ್ತದೆ? ಭಾರತದ ಲಸಿಕೆ ಪಟ್ಟಿ, ಕ್ಷಯರೋಗ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ ಇದನ್ನೆಲ್ಲ ಅಲ್ಲಿನ ಪ್ರೊಫೆಸರ್ ಯಾಕೆ ಕಲಿಸಬೇಕು? ಅದರ ಮೇಲೆ ಭಾಷೆಯ ತೊಂದರೆ. ಕ್ಲಾಸ್ ಇಂಗ್ಲಿಷ್‌ನಲ್ಲಿ ನಡೆದರೂ ವಾರ್ಡಿನ ರೋಗಿ ಮಾತಾಡುವುದು ಅಲ್ಲಿನ ಭಾಷೆ. ಹಾಗಾಗಿ ಪುಸ್ತಕ ಗೊತ್ತು, ರೋಗಿ ಗೊತ್ತಿಲ್ಲ ಎಂಬ ಸ್ಥಿತಿಯಲ್ಲಿ ಮಕ್ಕಳು ಮರಳುತ್ತಾರೆ. ‘ಪಿಎಸ್‌ಎಂ ಎಂತ ಮಾರಾಯ್ರೆ, ಕೊನೆಗೆ ಎರಡು ದಿನ ಓದಿದ್ರೆ ಆಯ್ತು’ ಎಂದು ಕಮ್ಯುನಿಟಿ ಮೆಡಿಸಿನ್ ಅನ್ನು ಬದಿಗಿಡುವವರೇ ಜಾಸ್ತಿ. ಆ 30 ಅಂಕ ಸರ್ಜರಿಯ 32ಕ್ಕೆ ಹೆಚ್ಚುಕಡಿಮೆ ಸಮ ಎಂಬುದು ಮರೆತೇ ಹೋಗುತ್ತದೆ.

ಹಾಗಾದರೆ ಹೇಗೆ ಓದಬೇಕು? ಮೊದಲ ಮಾತು, ಪದವಿ ಮುಗಿಸಿ ಬಂದು ಆರು ತಿಂಗಳ ಕೋಚಿಂಗ್ ಸೇರಿದರೆ ಸಾಕು ಎಂಬ ನಂಬಿಕೆ ಬಿಡಬೇಕು. ಮೊದಲ ವರ್ಷದ ಅನಾಟಮಿಯಿಂದಲೇ ಪರೀಕ್ಷೆ ಶುರುವಾಗಿದೆ ಎಂದುಕೊಳ್ಳಬೇಕು. ಅಲ್ಲಿ ಒಂದು ವಿಷಯ ಮುಗಿದಾಗ ಅದೇ ವಾರ ಇಲ್ಲಿನ ಪಠ್ಯಪುಸ್ತಕದಲ್ಲಿ ಅದೇ ವಿಷಯ ಓದಿ, ಅದರ ಮೇಲೆ ಐವತ್ತು ಪ್ರಶ್ನೆ ಬಿಡಿಸಿಡಬೇಕು. ವರ್ಷ ವರ್ಷ ಹೀಗೆ ಮಾಡಿದವರಿಗೆ ಕೊನೆಯಲ್ಲಿ ಉಳಿಯುವುದು ಪುನರಾವರ್ತನೆ ಮಾತ್ರ. ಮಾಡದವರಿಗೆ ಹತ್ತೊಂಬತ್ತು ವಿಷಯಗಳು ಒಟ್ಟಿಗೆ ತಲೆ ಮೇಲೆ ಬೀಳುತ್ತವೆ.

ಎರಡನೆಯದು, ಓದುವ ಬಗೆ. ಮೊಬೈಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ವಿಡಿಯೋ ನೋಡಿ ‘ತುಂಬಾ ಓದಿದೆ’ ಎಂದು ಸಮಾಧಾನಪಡುವುದು ಈಗಿನ ರೋಗ. ಸಾಲಿನ ಮೇಲೆ ಹಳದಿ ಬಣ್ಣ ಬಳಿಯುವುದು, ಅದೇ ಪುಟವನ್ನು ಮತ್ತೆ ಮತ್ತೆ ಓದುವುದು ಹೆಚ್ಚು ಪ್ರಯೋಜನ ಕೊಡುವುದಿಲ್ಲ. ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರ ತೆಗೆಯುವುದು, ದಿನಗಳ ಅಂತರ ಬಿಟ್ಟು ಮತ್ತೆ ನೆನಪಿಸಿಕೊಳ್ಳುವುದು ಹೆಚ್ಚು ಕಾಲ ಉಳಿಯುತ್ತದೆ. ಕಲಿಕೆಯ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಹೇಳಿದ್ದು ಇದನ್ನೇ.

ಇದನ್ನು ನಮಗೆ ಅಮೆರಿಕದವರು ಹೇಳಿಕೊಡಬೇಕಾಗಿಯೂ ಇರಲಿಲ್ಲ. ನಮ್ಮ ಹಿಫ್ಝ್ ಮಾಡುವ ಮಕ್ಕಳನ್ನು ನೋಡಿ. ಹೊಸ ಪಾಠ ಒಪ್ಪಿಸುವ ಜೊತೆಗೆ ನಿನ್ನೆ ಮೊನ್ನೆಯದನ್ನೂ, ತಿಂಗಳ ಹಿಂದಿನದನ್ನೂ ಅವರು ಉಸ್ತಾದರಿಗೆ ದಿನಾ ಒಪ್ಪಿಸುತ್ತಾರೆ. ಕಿತಾಬು ನೋಡಿ ಓದಿದರೆ ಲೆಕ್ಕಕ್ಕಿಲ್ಲ, ಮುಚ್ಚಿ ಒಪ್ಪಿಸಬೇಕು. ತಪ್ಪಿದ ಜಾಗವನ್ನು ಅಲ್ಲೇ ತಿದ್ದುತ್ತಾರೆ. ಹನ್ನೆರಡು ವರ್ಷದ ಹುಡುಗ ಅಷ್ಟು ದೊಡ್ಡ ಗ್ರಂಥವನ್ನು ಎದೆಯಲ್ಲಿಟ್ಟುಕೊಳ್ಳುವುದು ಹೀಗೆಯೇ. ಮೆಡಿಕಲ್ ವಿದ್ಯಾರ್ಥಿಯೂ ಬೆಳಗ್ಗೆ ಹೊಸ ವಿಷಯ, ಮಧ್ಯಾಹ್ನ ಕಳೆದ ವಾರದ್ದು, ರಾತ್ರಿ ಕಳೆದ ತಿಂಗಳದ್ದು ಎಂದು ದಿನವನ್ನು ಮೂರು ಪಾಲು ಮಾಡಲಿ. ತಪ್ಪಾದ ಪ್ರಶ್ನೆಗಳಿಗೆ ಒಂದು ಬೇರೆ ನೋಟ್‌ಬುಕ್ ಇಡಲಿ. ಸರಿ ಬಂದ ಪ್ರಶ್ನೆಗಳನ್ನು ಎಣಿಸುವುದಕ್ಕಿಂತ ಆ ನೋಟ್‌ಬುಕ್ ಓದುವುದು ಹೆಚ್ಚು ಉಪಯೋಗ.

ಮೂರನೆಯದು, ಪರೀಕ್ಷೆಯ ದಿನದ ಅಭ್ಯಾಸ. 150 ಪ್ರಶ್ನೆ 150 ನಿಮಿಷ, ಸ್ವಲ್ಪ ಬಿಡುವು, ಮತ್ತೆ 150 ಪ್ರಶ್ನೆ 150 ನಿಮಿಷ. ಪ್ರಶ್ನೆಗೆ ಸರಾಸರಿ ಒಂದೇ ನಿಮಿಷ. ಮನೆಯಲ್ಲಿ ಚಾ ಕುಡಿಯುತ್ತಾ ಇಪ್ಪತ್ತು ಪ್ರಶ್ನೆ ಬಿಡಿಸುವವನಿಗೆ ಐದು ಗಂಟೆ ಕಂಪ್ಯೂಟರ್ ಮುಂದೆ ಕೂರುವ ದಮ್ಮು ಇರುವುದಿಲ್ಲ. ಕೊನೆಯ ಮೂರು ತಿಂಗಳು ವಾರಕ್ಕೊಮ್ಮೆ ಪೂರ್ತಿ 300 ಪ್ರಶ್ನೆಯ ಮಾದರಿ ಪರೀಕ್ಷೆ ಬರೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಫಾರೆನ್ಸಿಕ್, ಕಣ್ಣು, ಇಎನ್‌ಟಿ, ಕಮ್ಯುನಿಟಿ ಮೆಡಿಸಿನ್ ನಾಲ್ಕೂ ಸೇರಿದರೆ 70 ಅಂಕ. ‘ಸಣ್ಣ ವಿಷಯ’ ಎಂದು ಇವನ್ನು ಬಿಟ್ಟವರೇ 140ರ ಹತ್ತಿರ ಬಂದು ನಿಲ್ಲುತ್ತಾರೆ.

ನಾಲ್ಕನೆಯದು, ರೋಗಿಯ ಹತ್ತಿರ ಹೋಗುವುದು. ರಜೆಗೆ ಊರಿಗೆ ಬಂದಾಗ ಮದುವೆ ಮನೆ, ಬೀಚು ಸುತ್ತುವುದರ ಜೊತೆಗೆ ಗುರುತಿನ ಡಾಕ್ಟರ ಅನುಮತಿ ಪಡೆದು ಒಂದೆರಡು ವಾರ ಸರಕಾರಿ ಆಸ್ಪತ್ರೆಯಲ್ಲಿ ಬದಿಯಲ್ಲಿ ನಿಂತು ನೋಡಲಿ. ಲಸಿಕೆ ಹಾಕುವ ದಿನ ಆರೋಗ್ಯ ಕೇಂದ್ರದಲ್ಲಿ ಒಂದು ಬೆಳಗ್ಗೆ ಕೂತರೆ ಲಸಿಕೆ ಪಟ್ಟಿಯನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ರೋಗ ಓದಿದರೂ ‘ತಳಕಿನಂಥ ಊರಲ್ಲಿ, ಸ್ಕ್ಯಾನಿಂಗ್ ಇಲ್ಲದ ಕಡೆ, ರಾತ್ರಿ ಹನ್ನೆರಡಕ್ಕೆ ಇವರು ಬಂದರೆ ಮೊದಲು ಎಂತ ಮಾಡಬೇಕು?’ ಎಂದು ತನ್ನನ್ನೇ ಕೇಳಿಕೊಳ್ಳಲಿ. ಪ್ರಶ್ನೆಪತ್ರಿಕೆಯಲ್ಲಿ ರೋಗಿಯ ಕಥೆ ಹೇಳಿ ‘ಮುಂದಿನ ಹೆಜ್ಜೆ ಯಾವುದು’ ಎಂದು ಕೇಳುವ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ತಯಾರಿ ನಮಗೆ ತಿಳಿದಂತೆ ಬೇರೆ ಇಲ್ಲ.

ಇಷ್ಟಕ್ಕೂ ಈ ಪರೀಕ್ಷೆ ನ್ಯಾಯವಾಗಿದೆಯಾ ಎಂದು ಕೇಳುವವರಿದ್ದಾರೆ. ಇಲ್ಲಿ ಓದಿದವರಿಗೆ ಇಲ್ಲದ ಪರೀಕ್ಷೆ ಹೊರಗೆ ಓದಿದವರಿಗೆ ಮಾತ್ರ ಯಾಕೆ? ಪ್ರಶ್ನೆಪತ್ರಿಕೆ, ಉತ್ತರ ಎರಡನ್ನೂ ಬಹಿರಂಗ ಮಾಡುವುದಿಲ್ಲ ಯಾಕೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಎಲ್ಲರಿಗೂ ಒಂದೇ ಪರೀಕ್ಷೆ ಇರಲೆಂದು 2019ರ ಕಾಯ್ದೆಯಲ್ಲೇ ‘ನೆಕ್ಸ್ಟ್’ ಪರೀಕ್ಷೆಯ ಮಾತು ಬಂದಿದೆ. 2023ರ ಜುಲೈಯಲ್ಲಿ ಅದನ್ನು ಮುಂದೂಡಿದರು. ಅದು ಬಂದರೆ ದೇರಳಕಟ್ಟೆಯಲ್ಲಿ ಓದಿದವರೂ ತಾಷ್ಕೆಂಟಿನಲ್ಲಿ ಓದಿದವರೂ ಒಂದೇ ಬೆಂಚಿನಲ್ಲಿ ಕೂರಬೇಕು. ಅಲ್ಲಿಯ ತನಕ ಹೋರಾಟ ಮಾಡುವವರು ಮಾಡಲಿ, ನಾವೂ ದನಿಗೂಡಿಸೋಣ. ಆದರೆ ಹಾವು ಕಚ್ಚಿಸಿಕೊಂಡು ಬಂದವನು ಡಾಕ್ಟರ್ ಎಲ್ಲಿ ಓದಿದ್ದಾರೆ, ಎಷ್ಟು ಅಂಕ ಬಂತು ಎಂದು ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅವನ ಪರವಾಗಿ ಯಾರಾದರೂ ಮೊದಲೇ ಕೇಳಿರಬೇಕು. ಪರೀಕ್ಷೆಯಲ್ಲಿ ಎಷ್ಟೇ ಕುಂದಿದ್ದರೂ ಈಗ ಆ ಕೆಲಸ ಮಾಡುತ್ತಿರುವುದು ಅದೊಂದೇ.

ಇನ್ನು ಹೆತ್ತವರಿಗೆ ನಾಲ್ಕು ಮಾತು. ಈ ವರ್ಷ ಮಗುವನ್ನು ಕಳಿಸುವವರಿದ್ದರೆ ಏಜೆಂಟನ ಬಣ್ಣದ ಪುಸ್ತಕ ನೋಡುವ ಮೊದಲು 2021ರ ನವೆಂಬರ್‌ನಲ್ಲಿ ಬಂದ ನಿಯಮ ಓದಿಸಿಕೊಳ್ಳಿ. ನೀಟ್ ಅರ್ಹತೆ ಬೇಕೇ ಬೇಕು. ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಇಲ್ಲಿ ಬಂದ ಮೇಲೆ ಮತ್ತೆ 12 ತಿಂಗಳು ಆಗಬೇಕು. ಆ ದೇಶದಲ್ಲೇ ವೈದ್ಯ ವೃತ್ತಿ ಮಾಡಲು ಆ ಪದವಿಗೆ ಲೈಸೆನ್ಸ್ ಸಿಗುವಂತಿರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇದರಲ್ಲಿ ಒಂದು ತಪ್ಪಿದರೂ ಮಗು ಎಷ್ಟೇ ಓದಿದರೂ ಪ್ರಯೋಜನ ಇಲ್ಲ. ಏಜೆಂಟ್ ‘ಅದೆಲ್ಲ ಆಗ್ತದೆ ಬಿಡಿ’ ಎಂದರೆ ಬರಹದಲ್ಲಿ ಕೊಡಿ ಎನ್ನಿ.

ಆರು ವರ್ಷದ ಖರ್ಚಿನ ಲೆಕ್ಕ ಹಾಕುವಾಗ ಬಂದ ಮೇಲಿನ ಒಂದೂವರೆ ಎರಡು ವರ್ಷದ ಖರ್ಚನ್ನೂ ಸೇರಿಸಿ. ಓದುವ ಮಗನನ್ನು ಅಂಗಡಿಯಲ್ಲಿ ಕೂರಿಸಬೇಡಿ. ಮಗಳಾದರೆ ‘ಡಿಗ್ರಿ ಆಯ್ತಲ್ಲ, ಇನ್ನು ಮದುವೆ’ ಎಂದು ಪರೀಕ್ಷೆಯ ನಡುವೆ ಅವಸರ ಮಾಡಬೇಡಿ. ಮದುವೆಯಾದರೂ ಓದು ಮುಂದುವರಿಯಲಿ ಎಂದು ಗಂಡಿನ ಕಡೆಯವರ ಹತ್ತಿರ ಮೊದಲೇ ಮಾತಾಡಿ. ಫೇಲಾದರೆ ಬೈಯುವುದರಿಂದ ಅಂಕ ಬರುವುದಿಲ್ಲ. ಯಾವ ವಿಷಯದಲ್ಲಿ ಕಡಿಮೆಯಾಯಿತು, ಮುಂದಿನ ಸಲಕ್ಕೆ ಎಂತ ಬದಲಾಯಿಸುತ್ತೀ ಎಂದು ಕೇಳಿ. ಆರು ತಿಂಗಳಿಗೊಮ್ಮೆ ಬರೆಯಲು ಅವಕಾಶ ಉಂಟು. ಉಮ್ಮ ಬಾಪನಿಗೆ ಸುಳ್ಳು ಹೇಳಬೇಕಾಗಿ ಬಂದ ಹುಡುಗನಿಗೆ ಓದಲು ಮನಸ್ಸಾದರೂ ಎಲ್ಲಿ ಉಳಿಯುತ್ತದೆ?

ನಮ್ಮ ಜಮಾಅತ್‌ಗಳಿಗೂ ಸಂಘಟನೆಗಳಿಗೂ ಒಂದು ಕೋರಿಕೆ. ಸೀಟು ಸಿಕ್ಕಿದವರಿಗೆ ಶಾಲು ಹೊದಿಸುವ ಕಾರ್ಯಕ್ರಮ ಬೇಕಾದಷ್ಟು ಆಗಿದೆ. ಬಂದು ಪರೀಕ್ಷೆಗೆ ಓದುತ್ತಿರುವವರಿಗೆ ಗಲಾಟೆ ಇಲ್ಲದ ಒಂದು ಕೋಣೆ, ಒಳ್ಳೆಯ ಇಂಟರ್ನೆಟ್, ಹಳೆಯ ಪುಸ್ತಕಗಳ ಕಪಾಟು ಇಷ್ಟು ಮಾಡಿಕೊಡಿ. ಪರೀಕ್ಷೆ ಪಾಸಾಗಿ ಇಂಟರ್ನ್‌ಶಿಪ್ ಮಾಡುತ್ತಿರುವ ನಮ್ಮದೇ ಮಕ್ಕಳು ಭಾನುವಾರ ಎರಡು ಗಂಟೆ ಬಂದು ಕೂತರೆ ಅದೇ ಕೋಚಿಂಗ್. ಒಬ್ಬೊಬ್ಬರೇ ಕೋಣೆ ಬಾಗಿಲು ಹಾಕಿ ಓದುವುದಕ್ಕಿಂತ ನಾಲ್ಕೈದು ಜನ ಸೇರಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಂಡು ಓದಿದರೆ ಧೈರ್ಯ ಉಳಿಯುತ್ತದೆ.

ಫ್ಲೆಕ್ಸ್ ಕಟ್ಟಲೇಬೇಕೆಂದಿದ್ದರೆ ಕಟ್ಟಿ, ಬೇಡ ಎನ್ನುವುದಿಲ್ಲ. ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಕೈಗೆ ಸಿಕ್ಕಿದ ದಿನ ಕಟ್ಟಿ. ಆ ಸಂಖ್ಯೆ ಸಿಕ್ಕಿದ ಮಗ ಅಥವಾ ಮಗಳು ಮಂಗಳೂರಿನ ದೊಡ್ಡ ಆಸ್ಪತ್ರೆಯನ್ನು ಮಾತ್ರ ನೋಡದೆ, ಡಾಕ್ಟರಿಗಾಗಿ ಕಾಯುವ ತಳಕಿನಂಥ ಊರಿಗೆ ಒಂದೆರಡು ವರ್ಷ ಹೋಗಿ ಕೆಲಸ ಮಾಡಿ ಬಂದರೆ ನಮಗೆ ಇನ್ನೂ ಸಂತೋಷ.